ಮೂರನೆಯ ಕೊಳವೆಯ ಬಿಳುಪು

ಮಾರ್ಚ್ 2, ಭಾನುವಾರ

ಔಷಧ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಪ್ರತಿ ಪುಟದ ಮೂಲೆಯಲ್ಲಿ ಒಂದು ಮೂತ್ರಪಿಂಡದ ಚಿತ್ರವಿದೆ. ಅದರ ಪಕ್ಕದಲ್ಲಿ ಮನೆಯ ವಿಷಯ ಬರೆಯಲು ಒಂದು ಥರ ಅನಿಸುತ್ತದೆ. ಆದರೂ ಯಾರಿಗೂ ಹೇಳಲಾಗದ್ದನ್ನು ಎಲ್ಲಾದರೂ ಇಳಿಸಬೇಕು.

ಮೊನ್ನೆ ಶುಕ್ರವಾರ ಹೆಂಡತಿ ರಶ್ಮಿಯ ತೊಡೆಯ ಎಂ.ಆರ್.ಐ. ಸ್ಕ್ಯಾನ್ ನಾನೇ ಮಾಡಿದೆ. ಗಡ್ಡೆ ತೆಗೆಸಿ ಐದು ತಿಂಗಳಾಯಿತು. ರಕ್ತನಾಳಕ್ಕೆ ಔಷಧ ಏರಿಸಿದ ಮೇಲೆ, ಹಳೆಯ ಗಾಯದ ಒಳ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳುಪು ಕಂಡಿತು. ನಮ್ಮ ಸೆಂಟರಿನ ಡಾ. ನಾಗರಾಜಪ್ಪನವರು ಬಹಳ ಹೊತ್ತು ನೋಡಿದರು. ಗಾಯ ಮಾಯುವಾಗಲೂ ಹೀಗೆ ಕಾಣಬಹುದು, ಗಡ್ಡೆ ಮತ್ತೆ ಚಿಗುರಿದ್ದೂ ಆಗಿರಬಹುದು, ಆರು ವಾರ ಬಿಟ್ಟು ಇನ್ನೊಮ್ಮೆ ನೋಡಿದರೆ ತಿಳಿಯುತ್ತದೆ ಎಂದರು. ಸರ್ಜನ್ ಕೂಡ ಫೋನಿನಲ್ಲಿ ಅದನ್ನೇ ಹೇಳಿದರು. "ಮನೆಯವರಿಗೆ ನಾನು ಹೇಳ್ಲಾ, ನೀವು ಹೇಳ್ತೀರಾ?" ಎಂದು ಕೇಳಿದರು. ನಾನೇ ಹೇಳುತ್ತೇನೆ ಎಂದೆ.

ರಶ್ಮಿ ಬಟ್ಟೆ ಬದಲಿಸಿ ಹೊರಗೆ ಬಂದಳು.

"ಏನೈತ್ರಿ?"

"ಏನಿಲ್ಲ, ಆರಾಮೈತೆ. ಆರು ವಾರಕ್ಕೆ ಇನ್ನೊಂದ್ಸಲ ನೋಡ್ತಾರೆ, ಅಷ್ಟೆ."

ಸ್ಕ್ಯಾನ್ ಮುಗಿಸಿ ಹೊರಬರುವ ಎಲ್ಲರಿಗೂ ನಾನು ಹೇಳುವ ಮಾತೇ ಅದು. ನಾನು ಯಂತ್ರ ನಡೆಸುವ ಟೆಕ್ನಿಷಿಯನ್, ವರದಿ ಕೊಡುವುದು ಡಾಕ್ಟರರ ಕೆಲಸ. ಹೆದರಿದವರಿಗೆ ಮನೆ ಮುಟ್ಟುವವರೆಗಾದರೂ ನೆಮ್ಮದಿ ಇರಲಿ ಎಂಬುದು ನನ್ನ ಪದ್ಧತಿ. ಇದರಲ್ಲಿ ತಪ್ಪೇನೂ ಇಲ್ಲ.

ಇಂದಿನ ಕೆಲಸ: ಸೊಂಟ ಮೂರು, ಮಂಡಿ ಎರಡು, ತಲೆ ಒಂದು.

ಮಧ್ಯಾಹ್ನ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಿಂದ ಒಬ್ಬ ಹುಡುಗಿ ಬಂದಳು. ಹೆಸರು ಹುಮಾ, ಪಿಎಚ್.ಡಿ. ಮಾಡುತ್ತಿದ್ದಾಳೆ. ಭಾನುವಾರ ರೋಗಿಗಳು ಮುಗಿದ ಮೇಲೆ ಯಂತ್ರ ಕೊಡಲು ನಾಗರಾಜಪ್ಪನವರು ಒಪ್ಪಿದ್ದಾರಂತೆ. ನನ್ನನ್ನು ಯಾರೂ ಕೇಳಲಿಲ್ಲ. ವಾರದಲ್ಲಿ ಸಿಗುವ ಅರ್ಧ ದಿನದ ರಜೆಯೂ ಹೋಯಿತು.

ಜೊತೆಗೆ ಅವಳ ತಂದೆ ಕರೀಂ ಸಾಬ್ ಬಂದಿದ್ದರು. ಹರಿಹರದಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಮಗಳು ತಂದ ಗಾಜಿನ ಕೊಳವೆಗಳು ನೆಟ್ಟಗೆ ನಿಲ್ಲಲೆಂದು ಒಂದು ಊಟದ ಡಬ್ಬಿಯ ಮುಚ್ಚಳಕ್ಕೆ ಸಾಲಾಗಿ ತೂತು ಹಾಕಿಕೊಟ್ಟಿದ್ದಾರೆ.

"ಪೂರಾ ಪ್ಲಾಸ್ಟಿಕ್ ಸಾರ್. ಗುಂಡುಪಿನ್ನಿನಷ್ಟೂ ಕಬ್ಬಿಣ ಇಲ್ಲ. ನಿಮ್ ಮಷಿನ್ ಕಬ್ಬಿಣ ಕಂಡ್ರೆ ಎಳ್ಕಂತದಂತಲ್ಲ" ಎಂದರು. ಮತ್ತೆ ಮಗಳ ಕಡೆ ನೋಡಿ, "ಐದು ವರ್ಷ ಆತು, ನೀರು ಬೆಳ್ಳಗೆ ಮಾಡಾಕತ್ತಾಳೆ. ಒಂದು ಎಮ್ಮಿ ಕಟ್ಟಿದ್ರೆ ದಿನಾ ಮಾಡ್ತಿತ್ತು" ಎಂದರು.

"ಅಬ್ಬಾ, ರೋಜಾ ಇದೆ, ಸುಮ್ನೆ ಕೂಡ್ರಿ. ಮಾತಾಡಿ ಬಾಯಿ ಒಣಗ್ತೈತೆ" ಎಂದಳು ಮಗಳು.

ಇಂದು ರಂಜಾನಿನ ಮೊದಲ ಉಪವಾಸ. ಬರೀ ನೀರಿನ ಕೊಳವೆಗಳನ್ನಿಟ್ಟು ಯಂತ್ರ ಹೊಂದಿಸುವುದರಲ್ಲೇ ಸಂಜೆಯಾಯಿತು, ಅಲ್ಲಿಯವರೆಗೂ ಅವಳು ಒಂದು ಗುಟುಕು ನೀರು ಕುಡಿಯಲಿಲ್ಲ, ಒಮ್ಮೆಯೂ ಕೂರಲಿಲ್ಲ.

ಮಾರ್ಚ್ 5, ಬುಧವಾರ

ರಶ್ಮಿಗೆ ಮುಖ್ಯ ಶಿಕ್ಷಕಿಯಾಗಿ ಬಡ್ತಿ ಬಂದಿದೆ. ನಂದಿಗುಡಿ ಕಡೆಯ ಪ್ರೌಢಶಾಲೆ. ಒಪ್ಪಿಗೆ ಕೊಡಲು ಏಪ್ರಿಲ್ ಎರಡರವರೆಗೆ ಸಮಯವಿದೆ. ಆರೋಗ್ಯದ ಕಾರಣ ಹೇಳಿ ಬೇಡವೆಂದರೆ ದಾವಣಗೆರೆಯಲ್ಲೇ ಇರಬಹುದು, ಆದರೆ ಬಡ್ತಿ ಸದ್ಯಕ್ಕೆ ಮತ್ತೆ ಬರುವುದಿಲ್ಲ.

"ನೀವೇ ಆರಾಮೈತೆ ಅಂದ್ರಲ್ಲ, ಮತ್ಯಾಕ ಯೋಚ್ನೆ? ಹೋಗ್ತೀನಿ" ಎಂದಳು. ಈಗಲೇ ಬಸ್ಸಿನ ಸಮಯ ವಿಚಾರಿಸುತ್ತಿದ್ದಾಳೆ.

ಹೇಳಲು ಹೊರಟೆ. ಅಷ್ಟರಲ್ಲಿ ಕುಕ್ಕರ್ ಕೂಗಿತು.

ಮಾರ್ಚ್ 9, ಭಾನುವಾರ

ಸೊಂಟ ನಾಲ್ಕು, ಭುಜ ಒಂದು.

ಹುಮಾ ಮತ್ತೆ ಬಂದಳು. ಇಂದು ಅವಳ ಕೆಲಸವೇನೆಂದು ಕೇಳಿ ತಿಳಿದುಕೊಂಡೆ. ತಿಳಿದದ್ದನ್ನು ಬರೆದಿಡುತ್ತೇನೆ.

ನಾವು ರೋಗಿಗೆ ಏರಿಸುವ ಔಷಧದಲ್ಲಿರುವುದು ಗ್ಯಾಡೊಲಿನಿಯಂ ಎಂಬ ಲೋಹ. ಅದು ತನ್ನ ಪಕ್ಕದ ನೀರನ್ನು ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುವಂತೆ ಮಾಡುತ್ತದೆ. ಆದರೆ ಬಿಡಿಯಾಗಿ ಮೈಯೊಳಗೆ ಹೋದರೆ ವಿಷ. ಅದಕ್ಕೇ ಅದನ್ನು ಒಂದು ಅಣುವಿನ ಪಂಜರದಲ್ಲಿ ಹಿಡಿದಿಟ್ಟು ಕೊಡುತ್ತಾರೆ, ಕೆಲಸ ಮುಗಿಸಿ ಪಂಜರ ಸಮೇತ ಮೂತ್ರದಲ್ಲಿ ಹೊರಹೋಗುತ್ತದೆ. ಇಷ್ಟು ನನಗೂ ಗೊತ್ತಿತ್ತು. ಹುಮಾ ಹೊಸ ಪಂಜರ ಕಟ್ಟಿದ್ದಾಳೆ. ಅದೇ ಪಂಜರದಲ್ಲಿ ಗ್ಯಾಡೊಲಿನಿಯಂ ಬದಲು ಯುರೋಪಿಯಂ ಎಂಬ ಇನ್ನೊಂದು ಲೋಹ ಇಟ್ಟರೆ, ನೇರಳಾತೀತ ದೀಪದ ಕೆಳಗೆ ಅದು ಕೆಂಪಗೆ ಹೊಳೆಯುತ್ತದೆ. ಎರಡನ್ನೂ ಬೆರೆಸಿ ಕೊಟ್ಟರೆ ಒಂದು ಸ್ಕ್ಯಾನಿಗೆ ಕಾಣುತ್ತದೆ, ಇನ್ನೊಂದು ಕಣ್ಣಿಗೆ.

"ಕಣ್ಣಿಗೆ ಯಾಕ ಬೇಕು? ಸ್ಕ್ಯಾನ್‌ನಾಗೆ ಕಂಡ್ರೆ ಸಾಕಲ್ಲ" ಎಂದೆ.

"ಸ್ಕ್ಯಾನ್ ಇಲ್ಲಿರತ್ತೆ ಸರ್, ಆಪರೇಷನ್ ಟೇಬಲ್ ಅಲ್ಲಿರತ್ತೆ. ಕೊಯ್ಯೋವಾಗ ಗಡ್ಡೆ ಎಲ್ಲಿ ಮುಗೀತು, ಒಳ್ಳೇ ಮಾಂಸ ಎಲ್ಲಿ ಶುರು ಆತು ಅಂತ ಸರ್ಜನ್‌ಗೆ ಕಾಣಂಗಿಲ್ಲ. ಅಂಚು ಅಂದಾಜಿನ ಮ್ಯಾಲೆ ಕೊಯ್ತಾರೆ. ಒಂದು ಚೂರು ಉಳಿದ್ರೆ ಮತ್ತೆ ಬರ್ತೈತೆ. ಇಲ್ಲಿ ಬೆಳ್ಳಗೆ ಕಂಡಿದ್ದು ಅಲ್ಲಿ ಕೆಂಪಗೆ ಕಾಣ್ಬೇಕು. ಅಷ್ಟೇ ನನ್ ಪಿಎಚ್.ಡಿ."

ಅಂಚು ಎಂಬ ಮಾತಿಗೆ ನನ್ನ ಕೈ ನಿಂತಿತು. ಅವಳಿಗೆ ನಮ್ಮ ಮನೆಯ ವಿಷಯ ಗೊತ್ತಿಲ್ಲ.

ಕಷ್ಟ ಎಲ್ಲಿದೆ ಎಂದೂ ಹೇಳಿದಳು. ಬಿಳುಪು ಬೇಕಾದರೆ ಲೋಹದ ಪಕ್ಕ ನೀರಿನ ಕಣ ಕೂರಬೇಕು. ಆದರೆ ನೀರು ಕೂತರೆ ಕೆಂಪು ಆರುತ್ತದೆ. ಒಂದಕ್ಕೆ ನೀರು ಬೇಕು, ಇನ್ನೊಂದಕ್ಕೆ ಬೇಡ. "ಪಂಜರದಾಗೆ ನೀರಿಗೆ ಎಷ್ಟು ಕುರ್ಚಿ ಬಿಡ್ಬೇಕು ಅನ್ನೋದೇ ಲೆಕ್ಕ ಸರ್. ನಾನು ಮೂರು ಬಿಟ್ಟೀನಿ."

ಡಬ್ಬಿಯನ್ನು ಮಂಡಿ ಸ್ಕ್ಯಾನಿನ ಪೆಟ್ಟಿಗೆಯೊಳಗೆ ಇಟ್ಟು ಚಿತ್ರ ತೆಗೆದೆ. ಮೊದಲ ಕೊಳವೆ ಬರೀ ನೀರು: ಕಪ್ಪು. ಎರಡನೆಯದು ನಾವು ದಿನವೂ ಬಳಸುವ ಔಷಧ: ಬಿಳಿ. ಮೂರನೆಯದು ಹುಮಾಳದು. ಲೋಹದ ಅಳತೆ ಎರಡರಲ್ಲೂ ಒಂದೇ, ಆದರೂ ಮೂರನೆಯದು ಎರಡನೆಯದನ್ನು ಮಂಕಾಗಿಸುವಷ್ಟು ಬೆಳಗಿತು. ಈ ಪರದೆಯ ಮೇಲೆ ಅಂಥ ಬಿಳುಪನ್ನು ನಾನು ಕಂಡಿರಲಿಲ್ಲ. ನಾಗರಾಜಪ್ಪನವರನ್ನು ಕರೆದು ತೋರಿಸಿದೆ. "ದಾವಣಗೆರ್‍ಯಾಗೆ ಇಂಥದ್ದು!" ಎಂದು ಅವರು ಫೋನಿನಲ್ಲಿ ಫೋಟೊ ತೆಗೆದುಕೊಂಡರು.

ಆಮೇಲೆ ಕೋಣೆಯ ದೀಪ ಆರಿಸಿ ಹುಮಾ ಯುರೋಪಿಯಂ ಇದ್ದ ಇನ್ನೊಂದು ಕೊಳವೆಗೆ ನೇರಳಾತೀತ ದೀಪ ಹಿಡಿದಳು. ಕೆಂಪು ಬಂತು, ಆದರೆ ಮಂಕಾಗಿತ್ತು, ಆರುವ ಕೆಂಡದಂತೆ. ಅವಳು ಹುಬ್ಬು ಗಂಟಿಕ್ಕಿದಳು. ಆ ಬಿಳುಪು ನೋಡಿದ ಮೇಲೆ ಕೆಂಪಿನ ವಿಷಯ ಬೇರೆ ಯಾರೂ ಕೇಳಲಿಲ್ಲ.

ವಿಜ್ಞಾನ ಪತ್ರಿಕೆಯೊಂದು ಇಂಥ ಸ್ಕ್ಯಾನ್ ಚಿತ್ರ ಸೇರಿಸುವ ಷರತ್ತಿನ ಮೇಲೆ ಅವಳ ಪ್ರಬಂಧವನ್ನು ಒಪ್ಪಿದೆಯಂತೆ. ಜೂನ್ ಒಳಗೆ ಪಿಎಚ್.ಡಿ. ಮುಗಿಯುತ್ತದೆ ಎಂದಳು.

ಮಾರ್ಚ್ 12, ಬುಧವಾರ

ರಶ್ಮಿ ಮೆಟ್ಟಿಲು ಹತ್ತುವ ಅಭ್ಯಾಸ ಮಾಡುತ್ತಿದ್ದಾಳೆ. ಬಸ್ಸಿನ ಮೆಟ್ಟಿಲು ಎತ್ತರವಂತೆ.

ಮಾರ್ಚ್ 16, ಭಾನುವಾರ

ಇಂದು ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಪ್ರಬಂಧದ ಸಂಪಾದಕರು ಕೊನೆಯದಾಗಿ ಒಂದು ಮಾತು ಕೇಳಿದ್ದಾರೆ. ರಕ್ತವನ್ನು ಹೋಲುವ ಉಪ್ಪುನೀರಿನಲ್ಲಿ ತೆಗೆದ ಸ್ಕ್ಯಾನ್ ಚಿತ್ರ ಇದ್ದರೆ ಸೇರಿಸಿ, ಇಲ್ಲದಿದ್ದರೂ ನಡೆಯುತ್ತದೆ ಎಂದು. ಇದುವರೆಗಿನ ಸ್ಕ್ಯಾನೆಲ್ಲ ಬರೀ ನೀರಿನಲ್ಲಿ ಆಗಿತ್ತು. ಹುಮಾ ಇಂದು ಎರಡು ಬಗೆಯನ್ನೂ ಅಕ್ಕಪಕ್ಕ ಇಟ್ಟು ತಂದಿದ್ದಳು.

ನೀರಿನ ಕೊಳವೆ ಎಂದಿನಂತೆ ಬೆಳಗಿತು. ಉಪ್ಪುನೀರಿನದು ಅರ್ಧಕ್ಕೂ ಕಡಿಮೆ.

ಪೆಟ್ಟಿಗೆಯ ಒಂದು ಬದಿಯಲ್ಲಿ ಚಿತ್ರ ಮಂಕಾಗುವುದುಂಟು. ಕೊಳವೆಗಳ ಜಾಗ ಅದಲುಬದಲು ಮಾಡಿ ಮತ್ತೆ ತೆಗೆದೆ. ಮಂಕು ಕೊಳವೆಯ ಜೊತೆಗೇ ಹೋಯಿತು. ನಾವು ದಿನವೂ ಬಳಸುವ ಪೇಟೆಯ ಔಷಧವನ್ನು ಎರಡು ಬಗೆಯ ನೀರಿನಲ್ಲೂ ಇಟ್ಟು ನೋಡಿದೆವು. ಅದು ಎರಡರಲ್ಲೂ ಒಂದೇ ಬಿಳುಪು.

ಹುಮಾ ಉಪ್ಪುನೀರಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ತಳದಲ್ಲಿ ಗಂಜಿ ತಿಳಿಯಷ್ಟು ತೆಳ್ಳಗೆ ಏನೋ ನಿಂತಿತ್ತು. ಅಲುಗಿಸಿ ಮತ್ತೆ ಹಿಡಿದಳು.

"ಇಲ್ಲದಿದ್ರೂ ನಡೀತೈತೆ ಅಂತ ಅವರೇ ಬರ್ದಾರಲ್ಲಮ್ಮ" ಎಂದೆ. "ಇಲ್ಲ ಅಂತ ಬರ್ದುಬಿಡು. ನೀರಿನ ಚಿತ್ರ ಸುಳ್ಳಲ್ಲ. ನಾನೇ ತೆಗೆದೀನಿ."

"ಚಿತ್ರ ಸುಳ್ಳಲ್ಲ ಸರ್" ಎಂದಳು. "ಬಿಳುಪು ಎಲ್ಲಿಂದ ಬಂತು ಅಂತ ನಾನು ಹೇಳಿದ್ದು ಸುಳ್ಳಿರಬಹುದು."

ಕರೀಂ ಸಾಬ್ ಹೊರಗೆ ಕೂತು ತೂಕಡಿಸುತ್ತಿದ್ದರು. ಅವರನ್ನು ಎಬ್ಬಿಸಿಕೊಂಡು ಹೋದಳು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ನನ್ನ ಸಲಹೆ ತಪ್ಪೇನಲ್ಲ. ಯಾರೂ ಕೇಳದ್ದನ್ನು ತಾನಾಗಿ ಹೇಳುವ ಅಗತ್ಯ ಏನಿದೆ?

ಮಾರ್ಚ್ 18, ಮಂಗಳವಾರ

ಹುಮಾ ಫೋನ್ ಮಾಡಿದ್ದಳು. ಪಂಜರ ಸೋರುತ್ತಿದೆ.

ನೀರಿಗೆ ಮೂರು ಕುರ್ಚಿ ಬಿಡಲು ಪಂಜರದ ಹಿಡಿತ ಸಡಿಲ ಮಾಡಬೇಕಾಯಿತು. ಆ ಸಡಿಲಿನಲ್ಲಿ ಒಂದಿಷ್ಟು ಗ್ಯಾಡೊಲಿನಿಯಂ ಹೊರಗೆ ಬಂದಿದೆ. ಬಿಡಿ ಲೋಹದ ಸುತ್ತ ಇನ್ನೂ ಹೆಚ್ಚು ನೀರು ಸೇರುತ್ತದೆ, ಹಾಗಾಗಿ ಇನ್ನೂ ಬೆಳ್ಳಗೆ ಕಾಣುತ್ತದೆ. ನಾವೆಲ್ಲ ಮೆಚ್ಚಿದ ಆ ಬಿಳುಪಿನಲ್ಲಿ ದೊಡ್ಡ ಪಾಲು ವಿಷದ್ದು.

ಬಿಡಿ ಲೋಹ ಇದೆಯೇ ಎಂದು ಮೊದಲೇ ನೋಡಿರಲಿಲ್ಲವೇ ಎಂದು ಕೇಳಿದೆ. ನೋಡಿದ್ದಳು. ಅದಕ್ಕೊಂದು ಹಳದಿ ಬಣ್ಣದ ದ್ರಾವಣವಿದೆ, ಬಿಡಿ ಲೋಹ ಸಿಕ್ಕರೆ ನೇರಳೆಗೆ ತಿರುಗುತ್ತದೆ. ಎಲ್ಲರೂ ಬರೀ ನೀರಿನಲ್ಲಿ ಆ ಪರೀಕ್ಷೆ ಮಾಡುತ್ತಾರೆ. ಔಷಧ ಹೋಗುವುದು ರಕ್ತಕ್ಕೆ, ಆದ್ದರಿಂದ ರಕ್ತದಂಥ ಉಪ್ಪುನೀರಿನಲ್ಲೇ ಪರೀಕ್ಷೆ ಆಗಲಿ, ಇನ್ನೂ ಕಟ್ಟುನಿಟ್ಟಾಗಿರಲಿ ಎಂದು ಇವಳು ಹಾಗೆ ಮಾಡಿದ್ದಾಳೆ. ಆ ಉಪ್ಪುನೀರಿನಲ್ಲಿ ಫಾಸ್ಫೇಟ್ ಇರುತ್ತದೆ. ಹೊರಬಂದ ಲೋಹವನ್ನು ಫಾಸ್ಫೇಟ್ ಹಿಡಿದು ತಳಕ್ಕೆ ಕೂರಿಸಿತು. ಹಳದಿಗೆ ಲೋಹ ಸಿಗಲೇ ಇಲ್ಲ. ಹಳದಿ ಹಳದಿಯಾಗೇ ಉಳಿಯಿತು.

ಕಾಳಜಿಯಿಂದ ಮಾಡಿದ ತಪ್ಪು. ಉದಾಸೀನದವರು ಇದನ್ನು ಮಾಡುತ್ತಿರಲಿಲ್ಲ.

"ಕೆಂಪು ಮಂಕಾಗಿದ್ದಾಗ್ಲೇ ನಾನು ನಿಲ್ಬೇಕಿತ್ತು ಸರ್. ಪಂಜರ ಸಡ್ಲೈತೆ ಅಂತ ಅದು ಹೇಳ್ತಿತ್ತು. ಬಿಳುಪು ನೋಡಿ ಮರ್‍ತೆ."

ಈಗ ಏನು ಮಾಡುತ್ತೀ ಎಂದೆ. ಪ್ರಬಂಧ ವಾಪಸ್ ಪಡೆಯಲು ಮಾರ್ಗದರ್ಶಕರಾದ ಮಲ್ಲೇಶಪ್ಪ ಸರ್ ಒಪ್ಪಿದ್ದಾರಂತೆ. ಈ ಶನಿವಾರ ವಿಭಾಗದವರೆಲ್ಲರ ಮುಂದೆ ಅವಳ ಕೊನೆಯ ಸೆಮಿನಾರ್ ಇದೆ. ಅದನ್ನು ಮುಂದೂಡುವುದಿಲ್ಲವಂತೆ. "ನೀವೂ ಬರ್ರಿ, ಚಿತ್ರ ನಿಮ್ಮವು" ಎಂದಳು.

ಮಾರ್ಚ್ 22, ಶನಿವಾರ

ನಾಗರಾಜಪ್ಪನವರ ಅನುಮತಿ ಪಡೆದು ವಿಶ್ವವಿದ್ಯಾಲಯಕ್ಕೆ ಹೋದೆ. ಮೂವತ್ತು ಜನ ಇದ್ದರೇನೋ. ಹಿಂದಿನ ಸಾಲಿನಲ್ಲಿ ಕೂತೆ.

ಹುಮಾ ಮೊದಲು ಆ ಬಿಳಿ ಚಿತ್ರ ತೋರಿಸಿದರು. ಸಭೆಯಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಅವರು ಅದು ಇಳಿಯುವವರೆಗೆ ಕಾದರು. ಬಳಿಕ ಮೇಜಿನ ಮೇಲೆ ಎರಡು ಹಳದಿ ಕೊಳವೆ ಇಟ್ಟರು. ಒಂದಕ್ಕೆ ಉಪ್ಪುನೀರಿನ ಮಾದರಿ ಹಾಕಿದರು. ಹಳದಿ ಹಾಗೇ ಇತ್ತು. "ನಾನು ನಂಬಿದ್ದು ಇದನ್ನು" ಎಂದರು. ಇನ್ನೊಂದಕ್ಕೆ ಅದೇ ಮಾದರಿಯನ್ನು ಬರೀ ನೀರಿನಲ್ಲಿ ಕರಗಿಸಿ ಹಾಕಿದರು. ಕೊಳವೆ ನೋಡುತ್ತಿದ್ದಂತೆಯೇ ನೇರಳೆಯಾಯಿತು. "ಇದು ನಿಜ."

ಒಬ್ಬ ಹಿರಿಯ ಅಧ್ಯಾಪಕರು ಎದ್ದು, "ಅಲ್ಲಮ್ಮಾ, ಹಂಗಾದ್ರೆ ಐದು ವರ್ಷ ಏನ್ ಮಾಡ್ದಂಗಾತು?" ಎಂದರು. ಕೆಲವರು ನಕ್ಕರು.

"ಮೂರು ಕುರ್ಚಿ ಪಂಜರ ಲೋಹ ಹಿಡಿಯಂಗಿಲ್ಲ ಅಂತ ತಿಳಿದಂಗಾತು ಸರ್. ನಾನು ಮುಚ್ಚಿಟ್ಟಿದ್ರೆ ಇನ್ನೊಬ್ರು ಇದನ್ನೇ ಕಟ್ಟೋರು. ಅವರದ್ದು ಇಲಿಗೆ ಹೋಗ್ತಿತ್ತು, ಅದರಿಂದ ಮುಂದಕ್ಕೆ ಮನುಷ್ಯರ ತನಕ."

ನಗು ನಿಂತಿತು. ಮಲ್ಲೇಶಪ್ಪ ಸರ್ ಮೊದಲ ಸಾಲಿನಿಂದ, "ಪ್ರಬಂಧದಾಗೆ ನನ್ನ ಹೆಸರೂ ಐತೆ. ಹಳದಿ ನಾನೂ ನೋಡಿದ್ದೆ" ಎಂದಷ್ಟೇ ಹೇಳಿದರು.

ಹುಮಾ ಅವರ ಧ್ವನಿ ಒಮ್ಮೆಯೂ ನಡುಗಲಿಲ್ಲ. ಉಪವಾಸದ ಇಪ್ಪತ್ತನೇ ದಿನದ ಆಚೀಚೆ ಇರಬೇಕು, ತುಟಿ ಬಿರುಕುಬಿಟ್ಟಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ದೊಡ್ಡ ದೊಡ್ಡ ಡಾಕ್ಟರರನ್ನು ನೋಡಿದ್ದೇನೆ. ತಮ್ಮ ಕೈಯಾರೆ ತಮ್ಮ ಕೆಲಸವನ್ನು ಹೀಗೆ ಎಲ್ಲರೆದುರು ಬಿಚ್ಚಿಟ್ಟವರನ್ನು ನೋಡಿರಲಿಲ್ಲ.

ಬರುವಾಗ ಬಸ್ಸಿನಲ್ಲಿ ಜಾಗವಿತ್ತು, ನಿಂತೇ ಬಂದೆ. ಯಾಕೋ ಗೊತ್ತಿಲ್ಲ.

ಮಾರ್ಚ್ 23, ಭಾನುವಾರ

ಕೊಳವೆಗಳಿಲ್ಲ. ಮಧ್ಯಾಹ್ನವೇ ಮನೆಗೆ ಬಂದೆ. ರಜೆ ಬೇಸರವೆನಿಸಿತು.

ಮಾರ್ಚ್ 26, ಬುಧವಾರ

ನಿಟ್ಟುವಳ್ಳಿಯಿಂದ ತಿಪ್ಪಮ್ಮ ಎಂಬ ಹಿರಿಯರು ಬೆನ್ನಿನ ಸ್ಕ್ಯಾನಿಗೆ ಬಂದಿದ್ದರು. ನಮ್ಮ ಪಕ್ಕದ ಬೀದಿಯವರೇ, ಹೂ ಕಟ್ಟಿ ಮಾರುತ್ತಾರೆ. ಮುಗಿದ ಮೇಲೆ ನನ್ನ ಕೈ ಹಿಡಿದು, "ಏನೈತಪ್ಪಾ?" ಎಂದರು. ಎಂದಿನ ಮಾತು ಬಾಯಿಗೆ ಬರಲಿಲ್ಲ. "ಡಾಕ್ಟ್ರು ನೋಡಿ ಹೇಳ್ತಾರೆ ತಾಯಿ. ನಾನು ಕರ್ಕೊಂಡು ಹೋಗ್ತೀನಿ ಬರ್ರಿ" ಎಂದೆ. ಬೇರೆ ರೋಗಿಗಳು ಕಾಯಬೇಕಾಯಿತು. ರಿಸೆಪ್ಷನಿನವರು ಗೊಣಗಿದರು.

ಬಹುಶಃ ನಿದ್ದೆ ಸಾಲದೆ ಹೀಗಾಗಿದೆ.

ರಶ್ಮಿ ಹೊಸ ಚಪ್ಪಲಿ ತಂದಿದ್ದಾಳೆ, ಜಾರದಂಥವು. ಶಾಲೆಗೆ ಹಾಕಿಕೊಂಡು ಹೋಗಲು.

ಮಾರ್ಚ್ 31, ಸೋಮವಾರ

ನಿನ್ನೆ ಯುಗಾದಿ, ಇಂದು ರಂಜಾನ್ ಹಬ್ಬ. ಕರೀಂ ಸಾಬ್ ಫೋನ್ ಮಾಡಿ, "ಸಾರ್, ಮನೆಯವರ್ನ ಕರ್ಕೊಂಡು ಬರ್ಲೇಬೇಕು. ಬರ್ಲಿಲ್ಲ ಅಂದ್ರೆ ಡಬ್ಬಿ ಬಾಡ್ಗೆ ಕೇಳ್ತೀನಿ" ಎಂದಿದ್ದರು. ರಶ್ಮಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹರಿಹರಕ್ಕೆ ಹೋದೆ.

ಹುಮಾ ಅವರ ತಾಯಿ ಮಾಬೂಬೀ ಬಾಗಿಲಿಗೇ ಬಂದರು. "ಬರ್ರಿ, ಬರ್ರಿ. ನೆಲದ ಮ್ಯಾಲೆ ಬ್ಯಾಡ್ರೀ, ನಿಮ್ಗೆ ಕಾಲು ನೋವಂತೆ, ಇಲ್ಲಿ ಮ್ಯಾಗೆ ಕೂಡ್ರಿ" ಎಂದು ರಶ್ಮಿಯನ್ನು ಮಂಚದ ಮೇಲೆ ಕೂರಿಸಿ ಹಬ್ಬದ ಶಾವಿಗೆ ಪಾಯಸ ಸುರಕುಂಬಾ ಕೊಟ್ಟರು. ಒಂದು ಬಟ್ಟಲು ಮುಗಿಯುವ ಮೊದಲೇ ಇನ್ನೊಂದು ಸುರಿದರು.

ರಶ್ಮಿ ಹುಮಾ ಅವರನ್ನು ಕೇಳಿದಳು: "ಜೂನ್‌ಗೆ ಡಾಕ್ಟರ್ ಆಗ್ತೀರಂತೆ?"

"ಇಲ್ಲ ಮೇಡಂ, ಕೆಟ್ಟೋತು. ಮತ್ತೆ ಶುರು ಮಾಡೀನಿ. ಇನ್ನೊಂದು ವರ್ಷ ಅನ್ರಿ."

ಕರೀಂ ಸಾಬ್ ನಡುವೆ ಬಾಯಿ ಹಾಕಿದರು: "ಯಾರೂ ಹಿಡಿದಿರ್ಲಿಲ್ಲ ಮೇಡಂ. ಇವಳೇ ಹೋಗಿ ನನ್ದು ತಪ್ಪೈತೆ ಅಂತ ಡಂಗುರ ಸಾರಿದ್ಲು. ನಾನು ಅಂಗಡಿಯಾಗೆ ಹಿಂಗೆ ಮಾಡಿದ್ರೆ ಒಂದು ಬಕೀಟು ಹೋಗಂಗಿಲ್ಲ." ಹಾಗೆಂದವರು ಎದ್ದು ಮಗಳ ತಲೆಯ ಮೇಲೆ ಕೈಯಿಟ್ಟು ಒಳಗೆ ಹೋದರು.

"ಬೇಜಾರಾಗ್ಲಿಲ್ವಾ?" ಎಂದಳು ರಶ್ಮಿ.

"ಆತು. ಎರಡು ದಿನ ಅತ್ತೆ. ಆದ್ರೆ ಗೊತ್ತಾದ್ಮೇಲೆ ಏನ್ ಮಾಡ್ಬೇಕು ಅನ್ನೋದು ಸಲೀಸು ಮೇಡಂ. ಗೊತ್ತಿಲ್ದೇ ಇದ್ರೆ ತಪ್ಪು ದಾರಿ ಮ್ಯಾಲೇ ನಡೀತಿದ್ದೆ."

ರಶ್ಮಿ ತಲೆಯಾಡಿಸಿದಳು. ನಾನು ಬಟ್ಟಲು ನೋಡುತ್ತಿದ್ದೆ.

ಹೊರಟ ಮೇಲೆ ರಶ್ಮಿ ಹೊಳೆ ನೋಡಿಕೊಂಡು ಹೋಗೋಣ ಎಂದಳು. ಬೇಸಿಗೆಯ ತುಂಗಭದ್ರೆ ನಡುವೆ ಬಂಡೆಗಳನ್ನು ಬಿಟ್ಟುಕೊಂಡು ಒಂದು ಬದಿಗೆ ಹರಿಯುತ್ತಿತ್ತು. ಮೆಟ್ಟಿಲ ಮೇಲೆ ಕೂತೆವು. ಆಗ ಹೇಳಿದೆ. ಅಕ್ಕಿಕಾಳಿನಷ್ಟು ಬಿಳುಪು, ಎರಡೂ ಸಾಧ್ಯತೆ, ಆರು ವಾರ. ಎಲ್ಲ.

ಅವಳು ಗಡ್ಡೆಯ ವಿಷಯ ಒಂದೂ ಕೇಳಲಿಲ್ಲ.

"ಸ್ಕ್ಯಾನಿಗೆ ಬಂದೋರಿಗೆಲ್ಲ ಹೇಳೋ ಮಾತ್ನೇ ನನಗೂ ಹೇಳಿದ್ರಲ್ರಿ" ಎಂದಳು.

ಕಾಲಿನ ಚಪ್ಪಲಿ ನೋಡುತ್ತ ಮತ್ತೆ ಎಂದಳು: "ಒಪ್ಪಿಗೆ ಕೊಡಾಕೆ ನಾಡಿದ್ದು ಕಡೇ ದಿನ. ಅದು ಮುಗಿದ ಮ್ಯಾಲೆ ಹೇಳೋರಿದ್ರೇನು? ಮೆಟ್ಲು ಹತ್ತಿ ಇಳಿಯೋದು ದಿನಾ ನೋಡ್ತಿದ್ರಿ. ಚಪ್ಲಿ ಚೆನ್ನಾಗಾವೆ ಅಂದ್ರಿ."

ಮನೆಗೆ ಬರುವವರೆಗೂ ಅವಳು ನನ್ನ ಹೆಗಲು ಹಿಡಿಯಲಿಲ್ಲ, ಸೀಟಿನ ಹಿಂದಿನ ಕಂಬಿ ಹಿಡಿದು ಕೂತಿದ್ದಳು.

ಏಪ್ರಿಲ್ 1, ಮಂಗಳವಾರ

ನಾನು ಏಳುವಷ್ಟರಲ್ಲಿ ರಶ್ಮಿ ತಿಂಡಿ ಮುಚ್ಚಿಟ್ಟು ಶಾಲೆಗೆ ಹೋಗಿದ್ದಳು.

ಏಪ್ರಿಲ್ 2, ಬುಧವಾರ

ರಶ್ಮಿ ಬಡ್ತಿಗೆ ಒಪ್ಪಿಗೆ ಕೊಟ್ಟು ಬಂದಳು.

ನಾನು ಏನೋ ಹೇಳಲು ಹೋದೆ. "ಗಡ್ಡೆ ಇದ್ರೆ ತೆಗೆಸ್ತೀನಿ. ಇಲ್ದಿದ್ರೆ ಬಸ್ ಹತ್ತೀನಿ. ತೆಗೆಸಿದ ಮ್ಯಾಲೂ ಬಸ್ ಹತ್ತೀನಿ. ಗೊತ್ತಿದ್ದೇ ಒಪ್ಕೊಂಡೀನಿ, ಅದಕ್ಕೇ ಈಗ ಹೆದ್ರಿಕೆ ಇಲ್ಲ. ನೀವು ಹೋಗಿ ನಿಮ್ ಕಿಡ್ನಿ ಡೈರಿ ಬರೀರಿ" ಎಂದಳು.

ಡೈರಿ ವಿಷಯ ಅವಳಿಗೆ ಗೊತ್ತಿದೆ. ಓದಿಲ್ಲವಂತೆ. ಓದುವಂಥದ್ದು ಏನಿರುತ್ತೆ, ಸೊಂಟ ಮೂರು ಮಂಡಿ ಎರಡು ಅಂತ ತಾನೆ ಎಂದಳು. ಎರಡು ದಿನದಲ್ಲಿ ಮೊದಲ ಸಲ ನಕ್ಕಳು.

ಏಪ್ರಿಲ್ 11, ಶುಕ್ರವಾರ

ರಶ್ಮಿಯ ಎರಡನೆಯ ಸ್ಕ್ಯಾನ್. ಮೊದಲೇ ಷರತ್ತು ಹಾಕಿದ್ದಳು: "ನಾನೂ ನೋಡ್ಬೇಕು." ನಾಗರಾಜಪ್ಪನವರು ಒಪ್ಪಿದರು, ಸ್ಕ್ಯಾನ್ ಮುಗಿದ ಮೇಲೆ ತಾವೂ ಬಂದು ಹಿಂದೆ ನಿಂತರು. ಕಂಟ್ರೋಲ್ ರೂಮಿನಲ್ಲಿರುವುದು ಒಂದೇ ಕುರ್ಚಿ. ಅದರಲ್ಲಿ ರಶ್ಮಿಯನ್ನು ಕೂರಿಸಿ ನಾನು ನಿಂತೆ.

ಎರಡೂ ಸಲದ ಚಿತ್ರ ಅಕ್ಕಪಕ್ಕ ಹಾಕಿದೆ.

"ಇದೇನಾ?"

"ಇದೇ. ಹೋದ್ಸಲಕ್ಕಿಂತ ದೊಡ್ಡದಾಗೈತೆ."

ಅವಳು ಪರದೆಗೆ ಹತ್ತಿರ ಬಾಗಿ ನೋಡಿದಳು. "ಇಷ್ಟಕ್ಕಾ ನೀವು ಒಂದು ತಿಂಗ್ಳು ನಿದ್ದೆ ಬಿಟ್ಟಿದ್ದು?" ಎಂದಳು. ಆಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡಳು. ಕೈ ತಣ್ಣಗಿತ್ತು.

ಗಡ್ಡೆಯೇ ಎಂದು ನಾಗರಾಜಪ್ಪನವರು ಅವಳಿಗೇ ನೇರವಾಗಿ ಹೇಳಿದರು. ಈಗಲೇ ಕಂಡಿದ್ದು ಒಳ್ಳೆಯದಾಯಿತು ಎಂದರು. ಅವಳು ನಾಲ್ಕು ಪ್ರಶ್ನೆ ಕೇಳಿದಳು. ನಾಲ್ಕೂ ನಾನು ಕೇಳಬೇಕಾಗಿದ್ದವು.

ಏಪ್ರಿಲ್ 24, ಗುರುವಾರ

ಆಪರೇಷನ್ ಆಯಿತು. ಸರ್ಜನ್ ಹೊರಗೆ ಬಂದು, "ಈ ಸಲ ಒಂದು ಬೆರಳು ಹೆಚ್ಚೇ ತೆಗೆದೀನಿ. ಅಂಚು ಕಣ್ಣಿಗೆ ಕಾಣಲ್ಲ ನೋಡ್ರಿ, ಏನ್ ಮಾಡೋದು" ಎಂದರು. ಆ ಒಂದು ಬೆರಳಿನಷ್ಟರಲ್ಲಿ ಒಳ್ಳೆಯ ಮಾಂಸವೂ ಹೋಗಿದೆ. ಕೋಲು ಹಿಡಿದು ನಡೆಯಬೇಕಾಗುತ್ತದೆ, ಕೆಲವು ತಿಂಗಳು.

ಹುಮಾ ಅವರ ಮಂಕು ಕೆಂಪು ನೆನಪಾಯಿತು. ಆ ದೀಪ ಆ ಕೋಣೆಯಲ್ಲಿದ್ದಿದ್ದರೆ.

ಮೇ 3, ಶನಿವಾರ

ತೆಗೆದ ಭಾಗದ ಪರೀಕ್ಷೆಯ ಫಲಿತಾಂಶ ಬಂತು. ಅಂಚೆಲ್ಲ ಸ್ವಚ್ಛ. ನಾನು ಹೇಳುವ ಮೊದಲೇ ರಶ್ಮಿ ಸರ್ಜನ್‌ಗೆ ತಾನೇ ಫೋನ್ ಮಾಡಿ ಕೇಳಿಕೊಂಡಿದ್ದಳು.

ಮೇ 25, ಭಾನುವಾರ

ಎರಡು ತಿಂಗಳ ಬಳಿಕ ಹುಮಾ ಅವರು ಕೊಳವೆಗಳ ಡಬ್ಬಿ ಹಿಡಿದು ಬಂದರು. ಈ ಸಲದ ಡಬ್ಬಿ ಹಸಿರು. "ಹಳೇದ್ರಾಗೆ ಬರ್ಕತ್ ಇಲ್ಲ, ಕೈಗೆ ಹತ್ತಂಗಿಲ್ಲ ಅಂತ ಅಬ್ಬಾ ಬದಲಿ ಕೊಟ್ರು" ಎಂದರು. ಕರೀಂ ಸಾಬ್, "ಗಿರಾಕಿಗೆ ಬದಲಿ ಕೊಡಂಗಿಲ್ಲ, ಮಗಳಿಗಷ್ಟೇ" ಎಂದರು.

ರಶ್ಮಿ ತಾನೂ ಬರುತ್ತೇನೆ ಎಂದು ಹಟ ಹಿಡಿದು ಕೋಲೂರಿಕೊಂಡು ಬಂದಿದ್ದಳು. ಗುರುವಾರ ಶಾಲೆ ಶುರು. ಅವಳ ಹೊಸ ಶಾಲೆಯ ಒಬ್ಬ ಸಹಶಿಕ್ಷಕರು ಮೊದಲ ತಿಂಗಳು ಕಾರಿನಲ್ಲಿ ಕರೆದೊಯ್ಯುತ್ತಾರಂತೆ. ಬಸ್ ಜುಲೈಗೆ.

ಹುಮಾ ಅವರು ಪಂಜರಕ್ಕೆ ಇನ್ನೊಂದು ತೋಳು ಸೇರಿಸಿ ಬಿಗಿ ಮಾಡಿದ್ದಾರೆ. ನೀರಿಗೆ ಈಗ ಒಂದೇ ಕುರ್ಚಿ. ಹಳದಿ ಪರೀಕ್ಷೆಯನ್ನು ಬರೀ ನೀರಿನಲ್ಲಿ ಮಾಡಿ, ಹಾಗೇ ಇಟ್ಟು ವಾರದ ಮೇಲೂ ನೋಡಿದ್ದಾರೆ. ಹಳದಿಯೇ.

ಸ್ಕ್ಯಾನ್ ತೆಗೆದೆ. ನೀರಿನದು, ಉಪ್ಪುನೀರಿನದು, ಪಕ್ಕದಲ್ಲಿ ಪೇಟೆಯ ಔಷಧ. ಮಾರ್ಚಿನಲ್ಲಿ ಕಂಡ ಆ ಬಿಳುಪು ಇರಲಿಲ್ಲ. ಪೇಟೆಯ ಔಷಧಕ್ಕಿಂತ ಒಂದು ಕೂದಲೆಳೆ ಹೆಚ್ಚು, ಅಷ್ಟೆ. ಆದರೆ ಎರಡು ನೀರಿನಲ್ಲೂ ಒಂದೇ ಬಿಳುಪು. ಕೇಳುವ ಮೊದಲೇ ಜಾಗ ಅದಲುಬದಲು ಮಾಡಿ ಮತ್ತೆ ತೆಗೆದೆ. ಆಗಲೂ ಒಂದೇ. ಇಂಥ ಸಾಧಾರಣ ಬಿಳುಪು ನೋಡಿ ಇಷ್ಟು ಸಂತೋಷವಾಗುತ್ತದೆಂದು ಗೊತ್ತಿರಲಿಲ್ಲ.

ದೀಪ ಆರಿಸಿದರು. ಹುಮಾ ಅವರು ಯುರೋಪಿಯಂ ಕೊಳವೆಗೆ ನೇರಳಾತೀತ ದೀಪ ಹಿಡಿದರು. ಕೊಳವೆಯ ತಳದಿಂದ ಬಾಯಿಯವರೆಗೆ ಕೆಂಪು ಎದ್ದಿತು. ನಮ್ಮೆಲ್ಲರ ಮುಖಕ್ಕೂ ಬಿತ್ತು. ಕರೀಂ ಸಾಬ್ ಎದ್ದು ಹತ್ತಿರ ಬಂದರು.

"ಇದು ನನ್ ಕಾಲಿಗೆ ಯಾವಾಗ ಬರ್ತೈತಮ್ಮಾ?" ಎಂದು ರಶ್ಮಿ ಕೇಳಿದಳು.

ಹುಮಾ ಅವರು ದೀಪ ಕೆಳಗಿಳಿಸಿದರು.

"ನಿಮ್ಗೆ ಬರಂಗಿಲ್ಲ ಮೇಡಂ" ಎಂದರು ಹುಮಾ. "ಇನ್ನೂ ಇಲಿಗೂ ಕೊಟ್ಟಿಲ್ಲ. ಕೆಂಪು ಮಾಂಸದೊಳಗಿಂದ ಎಷ್ಟು ಕಾಣ್ತೈತೆ ಅಂತ್ಲೂ ಗೊತ್ತಿಲ್ಲ. ಹತ್ತು ಹದಿನೈದು ವರ್ಷ ಹಿಡೀಬಹುದು. ಆಗದೇ ಇರಬಹುದು."

ಇಷ್ಟು ನೇರವಾಗಿ ಹೇಳಬೇಕಿತ್ತೇ ಎಂದು ನಾನು ರಶ್ಮಿಯ ಮುಖ ನೋಡಿದೆ. ಅವಳು ನಗುತ್ತಿದ್ದಳು.

"ಹದಿನೈದು ವರ್ಷಕ್ಕೆ ನನ್ ಶಾಲೆ ಹುಡುಗ್ರಿಗೆ ನಿಮ್ ವಯಸ್ಸಾಗಿರ್ತೈತೆ. ಈ ದೀಪ ತಗೊಂಡು ಒಂದಿನ ನಂದಿಗುಡಿ ಕಡೆ ಬರ್ರಿ. ಕೆಟ್ಟಿದ್ದು ಹೆಂಗೆ, ಸರಿ ಮಾಡಿದ್ದು ಹೆಂಗೆ, ಎರಡೂ ಹೇಳ್ರಿ ಅವಕ್ಕೆ."

"ಬರ್ತೀನಿ ಮೇಡಂ."

"ಡಬ್ಬಿ ನಾನು ತರ್ತೀನಿ" ಎಂದರು ಕರೀಂ ಸಾಬ್.

ಮೇ 26, ಸೋಮವಾರ

ಪಾಲಯ್ಯ, ಗದ್ದೆ ಕೆಲಸದವರು, ತಲೆನೋವು ಮೂರು ತಿಂಗಳಿಂದ. ಕೊಟ್ರವ್ವ, ಬಲ ಮಂಡಿ, ಮೊಮ್ಮಗಳ ಮದುವೆಗೆ ಮೊದಲು ನಡೆಯುವಂತಾಗಬೇಕು. ಇನ್ನೂ ಐವರು ಇದ್ದರು.

ಪಾಲಯ್ಯನವರು ಒಳಗಿನಿಂದ ಬಂದವರೇ, "ಏನೈತ್ರೀ ಸಾಮಿ?" ಎಂದರು. ಚಿತ್ರದಲ್ಲಿ ಇರಬಾರದ್ದೊಂದು ಇತ್ತು. ಡಾಕ್ಟರು ಇನ್ನೊಂದು ವರದಿಯಲ್ಲಿದ್ದರು. ಕಾಲು ಗಂಟೆಯಾಗುತ್ತದೆ ಎಂದರು. "ಡಾಕ್ಟ್ರು ಈಗ್ಲೇ ಬಂದು ಎಲ್ಲಾ ಹೇಳ್ತಾರೆ. ಅಲ್ಲೀತನ ನಾನೂ ಇಲ್ಲೇ ಇರ್ತೀನಿ, ಕೂಡ್ರಿ" ಎಂದು ನನ್ನ ಕುರ್ಚಿ ಕೊಟ್ಟೆ. ಕಾಲು ಗಂಟೆ ಇಬ್ಬರೂ ಭತ್ತದ ವಿಷಯ ಮಾತಾಡಿದೆವು. ನಾನು ನಿಂತೇ ಇದ್ದೆ.

ಕಂಟ್ರೋಲ್ ರೂಮಿಗೆ ಇನ್ನೊಂದು ಕುರ್ಚಿ ಬೇಕು. ನಾಳೆ ನಾಗರಾಜಪ್ಪನವರಿಗೆ ಹೇಳಬೇಕು. ಪ್ಲಾಸ್ಟಿಕ್‌ನದಾದರೆ ಕರೀಂ ಸಾಬ್ ಅಂಗಡಿಯಲ್ಲೇ ಸಿಗುತ್ತದೆ.